ಗೋವಿನಜೋಳದೊಳಗೆ ಕೇಳಿದ ಕೂಗು

ಹಾನಗಲ್ಲಿನಿಂದ ಹಿರೇಕೆರೂರಿಗೆ ಹೊರಟ ಬಸ್ಸು. ಮಳೆ ಆಗಷ್ಟೇ ನಿಂತಿತ್ತು. ಮುಂದಿನ ಸೀಟಿನವರು ಕಿಟಕಿಯ ಗಾಜು ಸರಿಸಿದರು. ಹೂ ಬಿಟ್ಟ ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ವಾಸನೆ ಒಳಗೆ ನುಗ್ಗಿತು. ಹಸಿ ಹಿಟ್ಟಿನಂಥದ್ದು, ತುಸು ಸಿಹಿ, ತುಸು ಮುಗ್ಗಲು. ಅಷ್ಟೇ. ನನ್ನ ಎದೆ ಒಂದು ಬಡಿತ ಬಿಟ್ಟು ಮುಂದಿನದನ್ನು ಜೋರಾಗಿ ಬಡಿಯಿತು. ಅಂಗೈ ತೇವವಾಯಿತು. ಬಸ್ಸಿನ ಬಾಗಿಲು ಎಲ್ಲಿದೆ ಎಂದು ಕಣ್ಣು ತಾನಾಗಿ ಹುಡುಕಿತು.

ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನ ಮುಖ ನೋಡಿ, "ಯಾಕವಾ ತಂಗಿ, ವಾಂತಿ ಬಂದಂಗ ಆಗಾಕತ್ತೈತೇನ? ನಿಂಬಿಹಣ್ಣು ಐತಿ, ಮೂಸ್ತೀಯೇನು?" ಎಂದಳು.

"ಇಲ್ಲಬೇ ಯಮ್ಮ. ಗೋವಿನಜ್ವಾಳದ ವಾಸನಿ."

"ಅಯ್ಯ! ಗೋವಿನಜ್ವಾಳಕ್ಕ ಹಂದಿ ಬರ್ತಾವ, ನವಿಲು ಬರ್ತಾವ. ಅಂಜೋ ಮಂದೀನ ನಾ ನೋಡಿದ್ದಿಲ್ಲ ಬಿಡು."

ನೋಡಿರಲಿಕ್ಕಿಲ್ಲ. ಆದರೆ ಒಬ್ಬಳಂತೂ ಇದ್ದೇನೆ. ಮೂರು ಮಳೆಗಾಲ ಕಳೆದರೂ ಆ ವಾಸನೆ ಬಂದರೆ ನಾನು ಮತ್ತೆ ಆ ಹೊಲದ ನಡುವೆಯೇ ನಿಂತಿರುತ್ತೇನೆ, ಕಿವಿ ನೆಟ್ಟಗೆ ಮಾಡಿಕೊಂಡು, ಬದುವಿನಿಂದ ಕೂಗು ಬರುತ್ತದೋ ಇಲ್ಲವೋ ಎಂದು.

ಆ ವರ್ಷ ಧಾರವಾಡದಲ್ಲಿ ನನ್ನ ಡಿಗ್ರಿ ಮುಗಿದಿತ್ತು. ಮೂರು ವರ್ಷ ನಾನು ಓದಿದ್ದಕ್ಕಿಂತ ಹೆಚ್ಚು ಚರ್ಚಾಸ್ಪರ್ಧೆ ಮಾಡಿದ್ದೆ. ಪರವೋ ವಿರೋಧವೋ, ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಯಾವ ಕಡೆ ನಿಂತರೂ ಗೆಲ್ಲುತ್ತಿದ್ದೆ. ಯಾರು ಏನು ಹೇಳಿದರೂ ಮೊದಲು "ಪುರಾವೆ ಏನು?" ಎನ್ನುವುದು ಚಟವಾಗಿಬಿಟ್ಟಿತ್ತು. ಕಡೆಯ ವರ್ಷದ ಕಡೆಯ ಸ್ಪರ್ಧೆಯಲ್ಲಿ ಮಾತ್ರ, ಎದುರಾಳಿಗೆ ಉತ್ತರ ಕೊಡಲು ಎದ್ದು ನಿಂತವಳಿಗೆ ಉಸಿರು ಗಂಟಲಲ್ಲೇ ನಿಂತಿತು. ಎದೆ ಡವಡವ. ಕೈಬೆರಳೆಲ್ಲ ಜೋಮು. ಇಡೀ ಸಭೆ ದೂರದ ಟಿವಿಯ ಹಾಗೆ ಕಾಣತೊಡಗಿತು. ಮೈಕನ್ನು ಹಾಗೇ ಬಿಟ್ಟು ಕೆಳಗಿಳಿದು ಬಂದೆ. ಬಿಸಿಲಿಗೆ ಹಾಗಾಯಿತು ಎಂದು ಎಲ್ಲರಿಗೂ ಹೇಳಿದೆ. ಅಂದು ಮೋಡ ಕವಿದಿತ್ತು.

ಊರಿಗೆ, ಅಂದರೆ ಹಾನಗಲ್ಲಿಗೆ ಬಂದು ಸುಮ್ಮನೆ ಕೂತಿದ್ದಾಗ ಫೋನು ಮಾಡಿದವನು ನಿಂಗಪ್ಪ ಕಾಕಾ, ಅಪ್ಪನ ತಮ್ಮ. ಹಂಸಭಾವಿ ಹತ್ತಿರದ ಒಂದು ಹಳ್ಳಿಯಲ್ಲಿ ಅವನ ಹೊಲಮನೆ. ಅವನ ಮಗಳು ಸವಿತಕ್ಕ ಗಂಡನ ಮನೆಯಲ್ಲಿದ್ದಳು. "ಬೆಳಿ ಸಮೀಕ್ಷಾ ಮಾಡೂ ಹುಡುಗ ಬಿಟ್ಟು ಹೋಗ್ಯಾನ. ಮೊಬೈಲ್ ಹಿಡಕೊಂಡು ಹೊಲ ತಿರುಗೋ ಕೆಲಸ. ಹೆಂಗೂ ನೀ ಇಡೀ ದಿನ ಮೊಬೈಲ್ ಹಿಡಕೊಂಡ ಇರ್ತಿ, ಇಲ್ಲಿ ಬಂದು ಹಿಡ್ಕೊ," ಅಂದ.

ಕೆಲಸ ಹೇಳಲಿಕ್ಕೆ ಸುಲಭ. ಊರಿನ ಒಂದೊಂದು ಹೊಲಕ್ಕೂ ಹೋಗಬೇಕು, ಆ ಹೊಲದ ಗಡಿಯ ಒಳಗೇ ನಿಂತು ಬೆಳೆಯ ಫೋಟೊ ತೆಗೆಯಬೇಕು. ಬದುವಿನ ಮೇಲೆ ನಿಂತು ತೆಗೆದರೆ ಮೊಬೈಲು ಒಪ್ಪುವುದಿಲ್ಲ. ಅದಕ್ಕೆ ಉಪಗ್ರಹದ ಗುರುತು ಬೇಕು, ಗುರುತು ಸರಿಯಾಗಿ ಸಿಗುವವರೆಗೆ ಪರದೆಯ ಮೇಲೆ ಒಂದು ಕೆಂಪು ಚುಕ್ಕಿ ಮಿಣುಕುತ್ತಿರುತ್ತದೆ. ಹಸಿರಾಗುವ ತನಕ ನಿಂತಿರಬೇಕು. ಶೇಂಗಾ ಹೊಲದಲ್ಲಿ, ಸೋಯಾ ಹೊಲದಲ್ಲಿ ನಿಲ್ಲುವುದೇನೂ ಕಷ್ಟವಿಲ್ಲ. ಆದರೆ ನಮ್ಮ ಕಡೆ ಈಗ ಎತ್ತ ನೋಡಿದರೂ ಗೋವಿನಜೋಳ. ಶ್ರಾವಣದ ಹೊತ್ತಿಗೆ ಅದು ನನ್ನ ತಲೆಯ ಮೇಲೆ ಒಂದು ಮೊಳ ಎತ್ತರ. ಹತ್ತು ಹೆಜ್ಜೆ ಒಳಗೆ ಹೋದರೆ ಬದು ಕಾಣುವುದಿಲ್ಲ, ಇಪ್ಪತ್ತು ಹೆಜ್ಜೆಗೆ ಗಾಳಿ ನಿಲ್ಲುತ್ತದೆ. ಗರಿಗಳ ಅಂಚು ಕುತ್ತಿಗೆಗೆ ಗೀರುತ್ತವೆ. ಎಲ್ಲ ದಿಕ್ಕಿಗೂ ಒಂದೇ ಥರದ ಹಸಿರು ದಂಟು.

ಮೊದಲ ವಾರವೇ, ಅಂಥ ಒಂದು ಹೊಲದ ನಡುವೆ, ಕೆಂಪು ಚುಕ್ಕಿ ನೋಡುತ್ತ ನಿಂತಾಗ, ಧಾರವಾಡದಲ್ಲಿ ಆದದ್ದು ಮತ್ತೆ ಆಯಿತು. ಈ ಸಲ ಸಭೆ ಇರಲಿಲ್ಲ. ಕೆಳಗಿಳಿದು ಹೋಗಲು ಮೆಟ್ಟಿಲೂ ಇರಲಿಲ್ಲ. ಸಾಯುತ್ತೇನೆ ಅನ್ನಿಸಿತು. ಅನ್ನಿಸಿತು ಎಂದು ಈಗ ಬರೆಯುತ್ತೇನೆ. ಆಗ ಅದು ಅನಿಸಿಕೆಯಾಗಿರಲಿಲ್ಲ, ಸುದ್ದಿಯಾಗಿತ್ತು. ದಿಕ್ಕು ನೋಡದೆ ಓಡಿದೆ, ದಂಟು ಮುರಿದೆ, ಬಿದ್ದೆ. ಹೊರಗೆ ಬಂದಾಗ ಬೇರೆ ಯಾರದೋ ಹೊಲದ ಬದುವಿನ ಮೇಲಿದ್ದೆ. ಕೆಸರು ಮೆತ್ತಿದ ಮೊಬೈಲಿನಲ್ಲಿ ಚುಕ್ಕಿ ಇನ್ನೂ ಕೆಂಪಗೇ ಇತ್ತು.

ಚಿಗವ್ವ, ಅಂದರೆ ಕಾಕಾನ ಹೆಂಡತಿ, ನನ್ನ ಕೆನ್ನೆಯ ಗೀರು ನೋಡಿ ಬೇರೇನೂ ಕೇಳಲಿಲ್ಲ. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನನ್ನ ಸುತ್ತ ಮೂರು ಸಲ ತಿರುಗಿಸಿ ಒಲೆಗೆ ಹಾಕಿದಳು. "ನೋಡು, ಘಾಟ ಬರಲಿಲ್ಲ. ದೃಷ್ಟಿ ಭಾಳ ಆಗೈತಿ."

"ಚಿಗವ್ವ, ಮೆಣಸಿನಕಾಯಿ ಮಳಿಗೆ ತಂಪು ಹಿಡದಾವ. ಅದಕ್ಕ ಘಾಟ ಬರಲಿಲ್ಲ."

"ಹಂಗಾರ ನಿನಗ ಏನಾಗೈತಿ ಹೇಳು ಮತ್ತ? ಓದಿದಾಕಿ ಅಲ್ಲನ ನೀ?"

ಕಾಕಾ ರೊಟ್ಟಿ ಮುರಿಯುತ್ತ ನಕ್ಕ. "ಆಕಿ ವಾದಕ್ಕ ಬಂದ್ರ ಮೆಣಸಿನಕಾಯಿನೂ ಸೋಲತೈತಿ. ಬಿಡು."

ಮರುದಿನದಿಂದ ಕಾಕಾ ನನ್ನ ಜೊತೆ ಬರತೊಡಗಿದ. ನಮ್ಮ ಕಡೆ ಗೋವಿನಜೋಳಕ್ಕೆ ಕಳೆ ತೆಗೆಯಲು ಹೊಕ್ಕ ಹೆಂಗಸರು ಒಬ್ಬರನ್ನೊಬ್ಬರು ಆಗಾಗ ಕೂಗಿಕೊಳ್ಳುತ್ತಾರೆ. ಯಾರು ಎಲ್ಲಿದ್ದಾರೆಂದು ಕಣ್ಣಿಗೆ ಕಾಣುವುದಿಲ್ಲವಲ್ಲ. ಕಾಕಾ ಅದನ್ನೇ ನನಗೆ ಕಲಿಸಿದ. ಅವನು ಬದುವಿನ ಮೇಲೆ ಕೂತು, "ಹೋಯ್" ಎನ್ನುವುದು, ಒಳಗಿನಿಂದ ನಾನು, "ಇದ್ದೇನಿ" ಎನ್ನುವುದು. ಇನ್ನೊಂದು ಮಾತನ್ನೂ ಹೇಳಿದ. "ಅಂಜಿಕಿ ಬಂತಂದ್ರ ಓಡಬ್ಯಾಡ. ಒಂದ ಸಾಲು ಹಿಡಿ, ಆ ಸಾಲು ಬಿಡಬ್ಯಾಡ. ಎಂಥಾ ಸಾಲಾದ್ರೂ ಬದುವಿಗೆ ಹೋಗಿ ಮುಟ್ಟಬೇಕು. ಸಾಲು ದಾಟಿ ದಾಟಿ ಓಡಿದ್ರ ಹೊಲದಾಗ ಗಿರಿಗಿರಿ ತಿರಗತಿ."

ಅದರಿಂದ ಕೆಲಸ ಸಾಗಿತು. ಆದರೆ ಭಯ ಹೋಗಲಿಲ್ಲ. ಆ ದಿನಗಳಲ್ಲಿ ಮೊಬೈಲು ತೆರೆದರೆ ಸಾಕು, ಹರೆಯದವರ ಎದೆ ನಿಂತ ಸುದ್ದಿ. ಕುಣಿಯುತ್ತಿದ್ದವನು ಬಿದ್ದ, ಕ್ರಿಕೆಟ್ಟಾಡುತ್ತಿದ್ದವನು ಬಿದ್ದ. ಇಂಥ ಸುದ್ದಿ ನೋಡಿದಷ್ಟೂ ಇಂಥದೇ ಸುದ್ದಿ ಮೊಬೈಲು ತೋರಿಸುತ್ತದೆಂದು ಬೇರೆಯವರಿಗೆ ತಿಳಿಸಿ ಹೇಳುತ್ತಿದ್ದವಳು ನಾನೇ. ಹಾಸಿಗೆಗೆ ಬಿದ್ದರೆ ನನ್ನ ಬೆರಳು ಮಾತ್ರ ಮಣಿಕಟ್ಟಿನ ಮೇಲೆ ನಾಡಿ ಎಣಿಸುತ್ತಿತ್ತು.

ಹಿರೇಕೆರೂರಿಗೆ ಹೋಗಿ ಇಸಿಜಿ ಮಾಡಿಸಿದೆ. ಡಾಕ್ಟರು ಕಾಗದದ ಪಟ್ಟಿ ನೋಡಿ, "ಏನೂ ಇಲ್ಲಮ್ಮ. ಟೆನ್ಷನ್. ಛಲೋ ನಿದ್ದಿ ಮಾಡು," ಅಂದರು. ಏನೂ ಇಲ್ಲದಿದ್ದರೆ ಹೀಗೇಕಾಗುತ್ತದೆ ಎಂದು ನಾನು ವಾದಕ್ಕಿಳಿದೆ. ನನ್ನ ಹಿಂದೆ ಮೂವತ್ತು ಜನ ಕಾಯುತ್ತಿದ್ದರು. ಮುಂದಿನ ವಾರ ಹಾನಗಲ್ಲಿಗೆ ಬಟ್ಟೆ ತರಲು ಹೋದಾಗ ಅಲ್ಲೊಂದು ಪಟ್ಟಿ ಮಾಡಿಸಿದೆ. ಅವ್ವನಿಗೂ ಹೇಳಲಿಲ್ಲ. ಆಮೇಲೆ ಗೆಳತಿಯ ಮನೆಯ ನೆಪದಲ್ಲಿ ಶಿಗ್ಗಾಂವಿಗೆ ಹೋದೆ. ಒಂದೇ ಊರಿನಲ್ಲಿ ಎರಡನೇ ಸಲ ಹೋದರೆ ಮುಖ ಗುರುತು ಹಿಡಿದು ನಗುತ್ತಾರೆಂದು ಊರು ಬದಲಿಸುತ್ತಿದ್ದೆ. ಮೂರೂ ಪಟ್ಟಿ ಒಂದೇ ಮಾತು ಹೇಳಿದವು. ನಾನು ಮೂವರು ತೀರ್ಪುಗಾರರನ್ನೂ ಒಪ್ಪದೆ ನಾಲ್ಕನೆಯವರನ್ನು ಹುಡುಕಿಕೊಂಡು ಸವಣೂರಿಗೆ ಹೊರಟೆ.

ಅಂದು ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ಸಿಕ್ಕಿಬಿದ್ದ. ಅಲ್ಲ, ನಾನೇ ಸಿಕ್ಕಿಬಿದ್ದೆ. ನನ್ನ ಚೀಲದಿಂದ ಇಣುಕುತ್ತಿದ್ದ ಪಟ್ಟಿಗಳನ್ನು ನೋಡಿ ಅವನು ಒಂದು ಮಾತೂ ಕೇಳದೆ ಬಸ್ಸು ಹತ್ತಿ ನನ್ನ ಪಕ್ಕ ಕೂತ.

ಸವಣೂರಿನ ಡಾಕ್ಟರಿಗೆ ವಯಸ್ಸಾಗಿತ್ತು. ಮೂರು ಪಟ್ಟಿಗಳನ್ನು ಮೇಜಿನ ಮೇಲೆ ಹಾಸಿ, ತಾವು ತೆಗೆದ ನಾಲ್ಕನೆಯದನ್ನು ಅವುಗಳ ಕೆಳಗಿಟ್ಟು, ನನ್ನ ಎದೆಗೆ ಕಿವಿಕೊಟ್ಟು ಕೇಳಿ, ಥೈರಾಯ್ಡಿಗೆ ರಕ್ತ ತೆಗೆಸಿ, ಸಾವಕಾಶ ಕೂತರು. "ಬೇಟಿ, ಎದಿ ಪಕ್ಕಾ ಐತಿ. ಏನೂ ಇಲ್ಲ ಅಂತ ನಾ ಅನ್ನೂದಿಲ್ಲ. ಐತಿ. ಅಂಜಿಕಿ ಐತಿ, ಮತ್ತ ಅಂಜಿಕಿನೂ ಮೈಯಾಗಿನ ಕೆಲಸಾನ. ನಿಮ್ಮ ಹೊಲದಾಗ ಹಂದಿ ಓಡ್ಸಾಕ ಏನ್ ಮಾಡ್ತೀರಿ?"

"ಮೈಕ್ ಹಾಕ್ತೀವ್ರಿ," ಎಂದ ಕಾಕಾ. ಬ್ಯಾಟರಿಯ ಸಣ್ಣ ಮೈಕು. ಅದರಲ್ಲಿ ಕೂಗು ತುಂಬಿ ಮರಕ್ಕೆ ಕಟ್ಟುತ್ತಾರೆ, ಅದು ಬಿಟ್ಟೂ ಬಿಟ್ಟೂ ಅರಚುತ್ತಿರುತ್ತದೆ.

"ಹಂದಿ ಬಂದಾಗಷ್ಟ ಒದರತೈತೇನು ಅದು?"

"ಇಲ್ರಿ. ಬರ್ಲಿ ಬಿಡ್ಲಿ, ಒದರೂದ."

"ಈಕಿ ಮೈಯಾಗಿನ ಮೈಕು ಹಂಗ ಆಗೈತಿ. ಸ್ವಿಚ್ ಒತ್ತಿದಂಗ ಐತಿ, ಹಂದಿ ಇಲ್ಲ. ಅದು ಒದರಾಕತ್ತಿದಾಗ ಬಡಿದಾಡಬ್ಯಾಡ. ಒದರಲಿ. ಉಸಿರು ಸಾವಕಾಶ ಬಿಡು, ಎಳಕೊಳ್ಳೂದಕ್ಕಿಂತ ಬಿಡೋದು ಉದ್ದ ಇರ್ಲಿ. ಕೈಲೆ ಮಾಡೋ ಕೆಲಸ ನಿಲ್ಲಸಬ್ಯಾಡ. ಬ್ಯಾಟರಿ ತಾನ ಇಳಿತೈತಿ. ಇಷ್ಟು ಮಾಡಿನೂ ಕಮ್ಮಿ ಆಗ್ಲಿಲ್ಲಂದ್ರ ಬಾ, ಅದಕ್ಕಂತನ ಇರೋ ಡಾಕ್ಟರ್ ಕಡೆ ಕಳಸ್ತೇನಿ. ನಾಚಿಕಿ ಬ್ಯಾಡ. ಐದನೇ ಪಟ್ಟಿ ಮಾತ್ರ ಬ್ಯಾಡ."

ಹೊರಗೆ ಬಂದು, ದೊಡ್ಡಹುಣಸೆ ಎಂದು ಕರೆಯುವ ಸವಣೂರಿನ ದೈತ್ಯ ಮರಗಳ ಬುಡದಲ್ಲಿ ಕೂತು ಇಬ್ಬರೂ ಪೊಟ್ಟಣ ಬಿಚ್ಚಿ ಸವಣೂರು ಖಾರ ತಿಂದೆವು. ಕಾಕಾ ಆ ಬೊಡ್ಡೆಯನ್ನು ತಟ್ಟಿ ನೋಡಿ, "ಇದಕ್ಕ ಟೆನ್ಷನ್ ಇಲ್ಲ ನೋಡು," ಅಂದ. ಬಹಳ ದಿನದ ಮೇಲೆ ನಕ್ಕಿದ್ದೆ.

ಅದೇ ವಾರ ಕಾಕಾನ ಹಳೆಯ ಮೈಕು ಕೆಟ್ಟು ಹೊಸದು ತಂದ. ಕೂಗು ತುಂಬುವ ಕೆಲಸ ನನ್ನದು. ಅಂಗಳದಲ್ಲಿ ನಿಂತು ನನ್ನ ಮೊಬೈಲಿನ ಮುಂದೆ ಅವನು, "ಹೋಯ್! ಹೋಯ್! ಹೇ ಹೇ ಹೇ..." ಎಂದು ಕೂಗಿದ. ಕಡೆಗೆ ಕೆಮ್ಮು ಬಂತು. ಇಲ್ಲದ ಹಂದಿಗೆ ಅವನು ಕೈಬೀಸುತ್ತಿದ್ದ ರೀತಿಗೆ ನನಗೆ ನಗು ತಡೆಯಲಿಲ್ಲ. ಅದನ್ನೆಲ್ಲ ಕತ್ತರಿಸಬೇಕಿತ್ತು. ಹಂದಿಗೆ ಇಷ್ಟು ಸಾಕು ಎಂದು ಹಾಗೇ ತುಂಬಿಕೊಟ್ಟೆ. ಅವನು ಅದನ್ನು ತನ್ನ ಹೊಲದ ಬದುವಿನ ಬೇವಿನ ಮರಕ್ಕೆ ಕಟ್ಟಿದ. ದಿನಾ ಹೊತ್ತು ಮುಳುಗುವಾಗ ಹಚ್ಚುವುದು, ಬೆಳಗಾದರೆ ಆರಿಸುವುದು.

ಡಾಕ್ಟರು ಹೇಳಿದ್ದು ಕೆಲಸ ಮಾಡಿತು. ಒಂದೇ ದಿನದಲ್ಲಲ್ಲ, ಪೂರ್ತಿಯಾಗಿಯೂ ಅಲ್ಲ. ಆದರೆ ಹೊಲದ ನಡುವೆ ಎದೆ ಹಾರತೊಡಗಿದಾಗ, "ಒದರು, ನಾನು ಫೋಟೊ ತೆಗೆಯುತ್ತೇನೆ" ಎಂದು ನಿಂತುಕೊಳ್ಳುವಷ್ಟು ಧೈರ್ಯ ಬಂತು. ಅಷ್ಟಕ್ಕೇ ನಾನು ಪಂಡಿತಳಾಗಿಬಿಟ್ಟೆ. ಚಿಗವ್ವನ ತಲೆಶೂಲೆ ಟೆನ್ಷನ್, ಪಕ್ಕದ ಮನೆಯವರ ಹೊಟ್ಟೆ ಉರಿ ಟೆನ್ಷನ್. ದೃಷ್ಟಿ ಎನ್ನುವವರಿಗೆ ಪುರಾವೆ ಕೇಳುತ್ತಿದ್ದ ನಾನು, ಟೆನ್ಷನ್ ಎನ್ನುವಾಗ ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ.

ಒಂದು ಸಂಜೆ ಊಟಕ್ಕೆ ಕೂತಾಗ ಕಾಕಾ ಕೈ ತೊಳೆಯುವ ಮೊದಲು ಎದೆಯ ನಡುವೆ ಅಂಗೈ ಒತ್ತಿಕೊಂಡ. "ಅಕ್ಷೀ, ನೀ ನಾಕ ಊರು ತಿರುಗಿದಾಕಿ, ನಿನಗ ಗೊತ್ತಿರತೈತಿ. ಎರಡು ದಿವಸದಿಂದ ದಿನ್ನಿ ಹತ್ತಬೇಕಾದ್ರ ಇಲ್ಲಿ ಹಗ್ಗ ಬಿಗದಂಗ ಆಗತೈತಿ. ಕುಂತ್ರ ಬಿಡತೈತಿ. ಹಲ್ಲಿನ ಮಟಾನೂ ಬರತೈತಿ. ನಾಳೆ ಹಿರೇಕೆರೂರಿಗೆ ಹೋಗಿ ಬರ್ಲೇನು?"

ಈ ಮಾತನ್ನು ನಾನು ಎಷ್ಟು ಸಲ ಮತ್ತೆ ಕೇಳಿಸಿಕೊಂಡಿದ್ದೇನೋ. ಅದರಲ್ಲಿ ಎಲ್ಲವೂ ಇತ್ತು. ಏರು ಹತ್ತುವಾಗ ಬರುತ್ತದೆ, ಕೂತರೆ ಹೋಗುತ್ತದೆ ಎಂದಿದ್ದ. ನನ್ನದು ಯಾವತ್ತೂ ಹಾಗಿರಲಿಲ್ಲ. ಆದರೆ ಚರ್ಚೆಯಲ್ಲಿ ಎದುರಾಳಿ ಮಾತಾಡುವಾಗ ನಾವು ಅವನ ಮಾತು ಕೇಳುವುದಿಲ್ಲ, ನಮ್ಮ ಉತ್ತರ ಜೋಡಿಸುತ್ತಿರುತ್ತೇವೆ.

"ಕಾಕಾ, ಸವಿತಕ್ಕನ ಚೊಚ್ಚಲ ಹೆರಿಗಿ ಮುಂದಿನ ತಿಂಗಳ. ಆಕಿನ್ನ ಕರ್ಕೊಂಡು ಬರಬೇಕು, ಮಳಿ ಬಿಡವಲ್ದು. ನಿನಗ ನಿದ್ದಿ ಇಲ್ಲ. ನನಗೂ ಎದಿ ಹಿಡಿದಿತ್ತೋ ಇಲ್ಲೋ? ಕೈ ಜೋಮು ಹಿಡಿದಿತ್ತೋ ಇಲ್ಲೋ? ನಾಕು ಪಟ್ಟಿ ಏನಂದ್ವು? ಮೈಕ್ ಒದರಾಕತ್ತೈತಿ ಅಷ್ಟ. ಉಸಿರು ಸಾವಕಾಶ ಬಿಡು."

"ಆದ್ರೂ ಒಮ್ಮೆ..."

"ಹೋಗು. ಟೆನ್ಷನ್ ಅಂತಾರ, ಗುಳಗಿ ಕೊಡ್ತಾರ, ಒಂದು ದಿನ ಹೋತು. ನಾ ಹೇಳಿದ್ದನ್ನ ಅವ್ರು ಹೇಳ್ಬೇಕೇನು?"

ಕಾಕಾ ಚಿಗವ್ವನ ಕಡೆ ನೋಡಿದ. ಚಿಗವ್ವ, "ಆಕಿ ಓದಿದಾಕಿ," ಎಂದಳು, ನನ್ನ ಕಡೆ ನೋಡದೆ. ಕಾಕಾ ನಕ್ಕ. "ವಕೀಲ್ ಆಗಬೇಕಿತ್ತ ನೀ." ಆಮೇಲೆ ಆ ಮಾತು ಎತ್ತಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಆ ರಾತ್ರಿ ನಾಡಿ ಎಣಿಸದೆ ಮಲಗಿದ್ದೆ, ಅದೂ ನೆನಪಿದೆ.

ಅದಾದ ನಾಲ್ಕನೇ ದಿನ. ಬೆಳಗಿನ ಹತ್ತು ಗಂಟೆಯ ಬಿಸಿಲು, ಮಳೆ ಬಿಡುವು ಕೊಟ್ಟಿತ್ತು. ಕಾಕಾನ ಹೊಲದ ಆಚೆ, ದಾರಿಯೇ ಇಲ್ಲದ ಒಳಗಿನ ನಾಲ್ಕು ಹೊಲಗಳು ಉಳಿದಿದ್ದವು. ಕಾಕಾ ತನ್ನ ಬೇವಿನ ಮರದ ಕೆಳಗೆ ಕೂತ. "ಹೋಗಿ ಬಾ, ನಾ ಇಲ್ಲೇ ಇರ್ತೇನಿ," ಎಂದ. ನಾನು ಒಳಗೆ ಹೊಕ್ಕೆ.

"ಹೋಯ್, ಅಕ್ಷೀ."

"ಇದ್ದೇನಿ!"

ಮೊದಲ ಹೊಲ ಮುಗಿಯಿತು. ಎರಡನೆಯದರಲ್ಲಿ ಚುಕ್ಕಿ ಹಸಿರಾಗಲು ಬಹಳ ಹೊತ್ತು ಹಿಡಿಯಿತು. ಕೂಗು ಬರಬೇಕಾದ ಹೊತ್ತಿಗೆ ಬರಲಿಲ್ಲ. ನಾನೇ, "ಕಾಕಾ!" ಎಂದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಎದೆ ಶುರುಮಾಡಿತು. ಅಷ್ಟರಲ್ಲಿ, "ಹೋಯ್! ಹೋಯ್!" ಬಂತು. ಜೀವ ಬಂದ ಹಾಗಾಯಿತು. "ಇದ್ದೇನಿ!" ಎಂದೆ. ಚುಕ್ಕಿ ಹಸಿರಾಯಿತು.

ಮೂರನೇ ಹೊಲದುದ್ದಕ್ಕೂ ಕೂಗು ಬರುತ್ತಲೇ ಇತ್ತು. ಕಾಕಾ ಇವತ್ತು ಹುರುಪಿನಲ್ಲಿದ್ದಾನೆ ಅನ್ನಿಸಿತು. ಪ್ರತಿ ಸಲವೂ ನಾನು "ಇದ್ದೇನಿ" ಎಂದೆ. ಒಮ್ಮೆ, "ಸಾಕ್ ಮಾಡೋ ಮಾರಾಯ, ಇದ್ದೇನಿ!" ಎಂದೂ ಅಂದೆ. ನಾಲ್ಕನೇ ಹೊಲಕ್ಕೆ ಹೊರಳಿದಾಗ ಗಾಳಿ ನನ್ನ ಕಡೆಗೆ ತಿರುಗಿತು. ಕೂಗಿನ ಬಾಲ ಕೇಳಿಸಿತು. ಹೇ ಹೇ ಹೇ. ಆಮೇಲೆ ಕೆಮ್ಮು. ಕೆಮ್ಮಿನ ಹಿಂದೆ ಒಂದು ಹೆಣ್ಣುದನಿಯ ನಗು.

ಅದು ನನ್ನ ನಗು.

ಕೈಯಲ್ಲಿದ್ದ ಮೊಬೈಲು ಎಲ್ಲಿ ಬಿತ್ತೋ. ಎಷ್ಟು ಹೊತ್ತಿನಿಂದ ನಾನು ಮೈಕಿಗೆ ಉತ್ತರ ಕೊಡುತ್ತಿದ್ದೆ? ಹಗಲು ಹೊತ್ತಿನಲ್ಲಿ ಅದನ್ನೇಕೆ ಹಚ್ಚಿದ? "ಕಾಕಾ!" ಎಂದು ಕಿರುಚಿದೆ. ಮೈಕು, "ಹೋಯ್! ಹೋಯ್!" ಎಂದಿತು, ಕೆಮ್ಮಿತು, ನನ್ನದೇ ದನಿಯಲ್ಲಿ ನಕ್ಕಿತು.

ಉಸಿರು ಸಿಕ್ಕಿಕೊಂಡಿತು, ಹಸಿರು ದೂರ ಸರಿಯಿತು. ತಲೆಯೊಳಗೆ ಎರಡೂ ಕಡೆಯವರು ಎದ್ದು ನಿಂತರು. ಇದು ನಿನ್ನ ಹಳೆಯ ಅಂಜಿಕೆ, ಏನೂ ಆಗಿಲ್ಲ, ಹಂದಿ ಬಂದಿರಬೇಕು, ಅದಕ್ಕೇ ಹಚ್ಚಿದ್ದಾನೆ ಎಂದ ಒಬ್ಬ. ದಿನ್ನೆ ಹತ್ತುವಾಗ ಹಗ್ಗ ಬಿಗಿದ ಹಾಗೆ, ಹಲ್ಲಿನವರೆಗೆ ಎಂದ ಇನ್ನೊಬ್ಬ, ಕಾಕಾನ ದನಿಯಲ್ಲೇ. ಆ ಮಾತನ್ನು ನಾನು ಮೊದಲ ಸಲ ಕೇಳಿಸಿಕೊಂಡದ್ದು ಅಲ್ಲಿ. ನಿಂತು ತೀರ್ಮಾನಿಸುವ ಹೊತ್ತು ಅದಾಗಿರಲಿಲ್ಲ. ಕಾಲು ಅಡ್ಡಾದಿಡ್ಡಿ ಓಡಲು ಎಳೆಯುತ್ತಿತ್ತು. ಒಂದು ದಂಟು ಹಿಡಿದೆ. ಅದರ ಮುಂದಿನದನ್ನು ಹಿಡಿದೆ. ಅದೇ ಸಾಲು, ಅದೇ ಸಾಲು. ಗರಿ ಕಣ್ಣಿಗೆ ಹೊಡೆಯಿತು, ಬಿಡಲಿಲ್ಲ. ಆ ಸಾಲು ಎಷ್ಟು ಉದ್ದವಿತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ. ನಡುವೆ ಮೂರು ಸಲ ಮೈಕು ಕೂಗಿತು.

ಬದು ಬಂತು. ಬದುವಿನ ಗುಂಟ ಓಡಿದೆ.

ಕಾಕಾ ಬೇವಿನ ಬೊಡ್ಡೆಗೆ ಒರಗಿದ್ದ. ಅಂಗಿ ಮೈಗೆ ಅಂಟುವಷ್ಟು ಬೆವರು. ಮುಖ ಬೂದಿ. ಒಂದು ಕೈ ಎದೆಯ ಮೇಲೆ, ಇನ್ನೊಂದು ಕೈ ಮೈಕಿನ ವೈರಿನ ಮೇಲೆ. ಕಣ್ಣು ತೆರೆದು ನನ್ನನ್ನು ನೋಡಿ, "ಮುಗೀತೇನ್ ಹೊಲ?" ಎಂದ.

ಮೊಬೈಲು ಒಳಗೇ ಬಿದ್ದಿತ್ತು. ಅವನ ಜೇಬಿನಿಂದ ಅವನದನ್ನು ತೆಗೆದು ಚಿಗವ್ವನಿಗೆ ಕರೆ ಮಾಡಿದೆ. ಊರಿಗೆ ಬಂದಿದ್ದ ಹಾಲಿನ ಗಾಡಿ ಹೊಲದ ದಾರಿಯವರೆಗೂ ಬಂತು, ಚಿಗವ್ವ ಅದರಲ್ಲೇ ಇದ್ದಳು. ಕ್ಯಾನುಗಳ ನಡುವೆ ಅವನನ್ನು ಕೂರಿಸಿ ಹಿರೇಕೆರೂರಿನ ದಾರಿ ಹಿಡಿದೆವು. ಚಿಗವ್ವ ಅವನ ಬೆನ್ನು ಹಿಡಿದುಕೊಂಡು ಒಂದೇ ಸಮ, "ಏ ಇವ್ರ, ಕಣ್ಣ ತಗೀರಿ, ಮಾತಾಡ್ರಿ," ಎನ್ನುತ್ತಿದ್ದಳು.

ಬಾಗಿಲಲ್ಲಿ ನನ್ನನ್ನು ಕಂಡ ಡಾಕ್ಟರು, "ಮತ್ತ ಬಂದ್ಯೇನಮ್ಮ?" ಎಂದು ನಗುತ್ತ ಎದ್ದವರು, ಹಿಂದಿದ್ದ ಕಾಕಾನನ್ನು ನೋಡಿ ನಗು ಬಿಟ್ಟರು. ಪಟ್ಟಿ ಹೊರಗೆ ಬರುತ್ತಿದ್ದ ಹಾಗೇ ನನಗೆ ಕಂಡಿತು. ನಾಲ್ಕು ಪಟ್ಟಿಗಳನ್ನು ದಿನಾ ತೆಗೆದು ತೆಗೆದು ನೋಡಿದವಳು ನಾನು. ಇದು ಅವುಗಳ ಹಾಗಿರಲಿಲ್ಲ.

ಬಾಯಿಗೆ ಗುಳಿಗೆ ಹಾಕಿ, ಸೂಜಿ ಚುಚ್ಚಿ, ದಾವಣಗೆರೆಗೆ ಆಂಬ್ಯುಲೆನ್ಸ್ ಕರೆಯುತ್ತಲೇ ಅವರು ಕೇಳಿದರು. "ಯಾವಾಗಿಂದ ಐತಿ ಇದು?"

"ಆರು ದಿನಾ ಆತ್ರಿ," ಎಂದಳು ಚಿಗವ್ವ.

"ಆರು ದಿನಾ! ಮೊದಲ ಯಾಕ ಬರ್ಲಿಲ್ಲ?"

ನಾನು ಬಾಯಿ ತೆರೆದೆ. ಮಂಚದ ಮೇಲಿಂದ ಕಾಕಾನ ಸಣ್ಣ ದನಿ ಬಂತು. "ಬಸ್ ಸಿಗಲಿಲ್ರಿ."

ದಾವಣಗೆರೆಯಲ್ಲಿ ಅವನನ್ನು ಒಳಗೆ ಒಯ್ದ ಮೇಲೆ ಬಾಗಿಲ ಹೊರಗೆ ಕೂತ ಆ ಎರಡು ತಾಸು ನನ್ನ ಎದೆ ಶಾಂತವಾಗಿ ಬಡಿಯುತ್ತಿತ್ತು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ತಂದಿತು. ಹಂದಿ ನಿಜವಾಗಿ ಬಂದು ಎದುರು ನಿಂತಾಗ ನನ್ನ ಮೈಕಿಗೆ ಕೂಗುವುದೇ ಮರೆತಿತ್ತು. ಬಡಿತದ ಸದ್ದಿನ ಮೇಲೆ ಖರೆ ಯಾವುದು, ಸುಳ್ಳು ಯಾವುದು ಎಂದು ಹೇಳಲಾಗುವುದಿಲ್ಲ. ಇದನ್ನು ನಾನು ಯಾರಿಗೂ ಬಿಟ್ಟುಕೊಡದೆ ವಾದಿಸಬಲ್ಲೆ: ಟೆನ್ಷನ್ ಎನ್ನುವುದು ಎಲ್ಲ ನೋಡಿ ಆದ ಮೇಲೆ, ಕಡೆಗೆ ಉಳಿಯುವ ಉತ್ತರ. ಸವಣೂರಿನ ಡಾಕ್ಟರು ಅದನ್ನು ಕಡೆಗೆ ಹೇಳಿದ್ದರು. ನಾನು ಮೊದಲೇ ಹೇಳಿಬಿಟ್ಟೆ.

ಎರಡು ಕಡೆ ರಕ್ತನಾಳ ಕಟ್ಟಿತ್ತು; ತೆರೆದು ಸ್ಟೆಂಟ್ ಹಾಕಿದರು. ಒಂದು ಭಾಗದ ಸ್ನಾಯು ಹೋಗಿದೆ, ಮೊದಲಿನಷ್ಟು ಭಾರ ಎತ್ತುವ ಹಾಗಿಲ್ಲ ಎಂದರು. ಬದುಕಿದ.

ಮೂರನೇ ದಿನ ಚಿಗವ್ವ ಚಹಾಕ್ಕೆ ಹೋದಾಗ ಕೇಳಿದೆ. "ಕಾಕಾ, ಅವತ್ತು ನಾ ಹೇಳಿದ್ದು ನಿನಗ ಖರೇ ಅನಿಸ್ತೇನು?"

"ಇಲ್ಲ ಬಿಡು. ನೀ ಅಷ್ಟ ಚಂದ ಹೇಳಿದಿ, ಮತ್ತ ಕೇಳಿದ್ರ ನಿನಗ ಬ್ಯಾಸರ ಆದೀತು ಅಂತ ಸುಮ್ನಾದೆ."

ಇಷ್ಟು ವರ್ಷದಲ್ಲಿ ನನ್ನ ಮುಂದೆ ಎಷ್ಟು ಜನ ಹೀಗೆ ಸುಮ್ಮನಾಗಿದ್ದರೋ. ಅವರೆಲ್ಲ ಒಪ್ಪಿದರೆಂದು ನಾನು ತಿಳಿದಿದ್ದೆ.

"ಮತ್ತ ಮೈಕ್ ಯಾಕ ಹಚ್ಚಿದಿ? ಕೈ ವೈರಿಗೆ ಹೋತು, ಫೋನಿಗೆ ಯಾಕ ಹೋಗಲಿಲ್ಲ?"

"ನೀ ಒಳಗಿಂದ ಕಾಕಾ, ಕಾಕಾ ಅಂತ ಒದರಾಕತ್ತಿದ್ದಿ. ನನಗ ಉಸಿರು ಬರವಲ್ದು. ದನಿ ಕೇಳ್ಲಿಲ್ಲ ಅಂದ್ರ ನೀ ಒಳಗ ಅಂಜತಿ. ಅದಕ್ಕ ಹಚ್ಚಿದೆ. ಮುಂದಿಂದು ತಲಿಗೆ ಹೋಗಲಿಲ್ಲವಾ."

ನಾನು ಎದ್ದು ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ.

ಆ ಮಳೆಗಾಲದ ಕಡೆಗೆ ಸವಿತಕ್ಕನಿಗೆ ಹೆಣ್ಣು ಹುಟ್ಟಿತು. ಕಾಕಾ ಕೂಸನ್ನು ಕೂತುಕೊಂಡೇ ಎತ್ತಿಕೊಂಡ. ಮೈಕಿನಲ್ಲಿನ ಆ ಕೂಗನ್ನು ಅಳಿಸಿಬಿಡುತ್ತೇನೆ ಎಂದರೆ ಒಪ್ಪಲಿಲ್ಲ. "ಈಗ ಅಷ್ಟು ಜೋರಾಗಿ ಒದರಾಕ ನನಗ ಬರೂದಿಲ್ಲ, ಹಂದಿಗೆ ಹಳೇ ನಿಂಗಪ್ಪನ ಬೇಕು," ಎಂದ. ನಮ್ಮಿಬ್ಬರ ಕೂಗಿನ ರೀತಿ ಮಾತ್ರ ಬದಲಾಯಿತು. ಬರೀ "ಹೋಯ್" ಎನ್ನುವಂತಿಲ್ಲ. ಪ್ರತಿ ಸಲವೂ ಹೊಸದೊಂದು ಪ್ರಶ್ನೆ ಕೇಳಬೇಕು, ಮೈಕು ಉತ್ತರ ಕೊಡಲಾಗದಂಥದ್ದು. ಮುಂಜಾನಿ ಏನ್ ತಿಂದಿ? ನಿನ್ನೆ ಯಾರ್ ಬಂದಿದ್ರು? ಕೂಸಿಗೆ ಎಷ್ಟ್ ಹಲ್ಲು ಬಂದಾವ?

ಬಸ್ಸಿನ ಮುದುಕಿ ನಿಂಬೆಹಣ್ಣನ್ನು ನನ್ನ ಕೈಯಲ್ಲಿಟ್ಟೇ ಇಳಿದಳು. ನಾನು ಹಂಸಭಾವಿಯಲ್ಲಿ ಇಳಿಯುವ ಹೊತ್ತಿಗೆ ಮೋಡ ಪೂರ್ತಿ ಸರಿದಿತ್ತು. ಊರಿಗೆ ನಡೆದು, ಚೀಲ ಕಟ್ಟೆಯ ಮೇಲಿಟ್ಟು, ಹೊಲಕ್ಕೆ ಹೋದೆ. ಕಾಕಾ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನಿಗೆ ಎರಡು ಎಳೆ ತೆನೆ ಬೇಕಿತ್ತಂತೆ, ನಡುಹೊಲದವು. ಬದುವಿನ ಮೇಲಿನವು ನವಿಲು ತಿಂದಿದ್ದವು.

ಹೊಕ್ಕೆ. ಹತ್ತು ಹೆಜ್ಜೆಗೆ ಬದು ಹೋಯಿತು, ಇಪ್ಪತ್ತಕ್ಕೆ ಗಾಳಿ ಹೋಯಿತು. ವಾಸನೆ ಮೂಗಿಗೆ ಬಡಿಯಿತು, ಎದೆ ಎದ್ದಿತು. ಸಾಲಿನ ಒಂದು ದಂಟನ್ನು ಹಿಡಿದು ನಿಂತೆ.

"ಅಕ್ಷೀ, ಎದಿ ಹೆಂಗೈತಿ?" ದನಿ ಸಣ್ಣದು, ಹಳೆಯದರ ಅರ್ಧದಷ್ಟೂ ಇಲ್ಲ.

"ಬಡಕೊಳ್ಳಾಕತ್ತೈತಿ! ನಿಂದು?"

ಉತ್ತರ ಬರಲಿಲ್ಲ. ಒಂದು ಗರಿ ಇನ್ನೊಂದಕ್ಕೆ ತಿಕ್ಕಿತು. ನನ್ನ ಕೈ ದಂಟನ್ನು ಬಿಗಿಯಿತು. ಎಷ್ಟು ಹೊತ್ತಾಯಿತೋ ಎಣಿಸಲಿಲ್ಲ, ಎಣಿಸಬಾರದೆಂದು ಗೊತ್ತಿತ್ತು, ಸಾಲಿನ ಮುಂದಿನ ದಂಟಿಗೆ ಕೈ ಚಾಚಿದ್ದೆ.

"ನಂದೂ ಬಡಕೊಳ್ಳಾಕತ್ತೈತೆವಾ," ಎಂದಿತು ಬದುವಿನ ಕಡೆಯ ದನಿ. "ಅದಕ್ಕ ಇನ್ನೂ ಇಲ್ಲಿ ಕುಂತೇನಿ."